ಗಾಳೆಪ್ಪನ ಕ್ಯಾಸೆಟ್ಟಿನ ಎರಡನೇ ಬದಿ

ಕೊಟ್ಟೂರಿನಲ್ಲಿ ನಿಂತು ಕ್ಲಾರ್ನೆಟ್ ಗಾಳೆಪ್ಪ ಅಂದರೆ "ಯಾವ ಗಾಳೆಪ್ಪ?" ಅಂತಾರೆ. "ಅದೇ, ಹಂಪಸಾಗರದಾಗ ಲಗ್ನದ ಮಂದೀನ ಉಣ್ಣೋ ಎಲಿ ಬಿಟ್ಟೇಳಿಸಿದಾತ" ಅಂದರೆ ಸಾಕು, ಮಂಡಕ್ಕಿ ತಿನ್ನುತ್ತ ಕೂತವರೆಲ್ಲ ಮೆಣಸಿನಕಾಯಿ ಕೆಳಗಿಟ್ಟು ನಗುತ್ತಾರೆ. ನಗಲಿ ಬಿಡಿ, ನಗುವವರ ಬಾಯಿಗೆ ಬೀಗ ಹಾಕೋಕಾಗುತ್ತದೆಯೇ? ಆದರೆ ಆ ಮನುಷ್ಯ ಒಂದು ಕ್ಯಾಸೆಟ್ ಮಾಡಿದ್ದ. ನೂರು ಪ್ರತಿ. ನಗುವ ಮಂದಿಯಲ್ಲಿ ಒಬ್ಬನಾದರೂ ಅದನ್ನು ಕೊನೆತನಕ ಕೇಳಿದ್ದಾನೇನು ಅಂದರೆ, ಇಲ್ಲ.

ಗಾಳೆಪ್ಪನ ಮನೆಯವರು ಮಂಗಳವಾದ್ಯದವರು. ಅಪ್ಪ ಸನಾದಿ ಊದುತ್ತಿದ್ದ. ಗಾಳೆಪ್ಪ ಹದಿನಾರನೇ ವಯಸ್ಸಿಗೆ ಹರಪನಹಳ್ಳಿಯ ಒಂದು ಬ್ಯಾಂಡ್ ಸೆಟ್ಟಿಗೆ ಸೇರಿ ಕ್ಲಾರ್ನೆಟ್ ಹಿಡಿದ. ಜರಿಪಟ್ಟಿಯ ಕೆಂಪು ಕೋಟು, ಅದರ ಕಂಕುಳಲ್ಲಿ ಹತ್ತು ವರ್ಷದ ಬೆವರು. ಮದುವೆ ಸೀಜನ್ನಿನಲ್ಲಿ ಒಂದು ದಿನ ಕೂಡ್ಲಿಗಿ, ಮರುದಿನ ಹಡಗಲಿ. ಹಡಗಲಿ ಕಡೆಯ ಮದುವೆ ಅಂದರೆ ಆತನಿಗೆ ಖುಷಿ, ಅಲ್ಲಿ ಬ್ಯಾಂಡಿನವರ ಕೋಟಿಗೂ ಒಂದೊಂದು ಮೊಳ ಮಲ್ಲಿಗೆ ಸಿಕ್ಕಿಸುತ್ತಿದ್ದರು. ಮನೆಗೆ ಬಂದು ಅದನ್ನು ಹೆಂಡತಿ ಪಂಪಮ್ಮನಿಗೆ ಕೊಟ್ಟರೆ, "ಮಂದಿ ಲಗ್ನದಾಗ ಮುಡಿದ ಹೂವು ನನಗ್ಯಾಕ" ಅನ್ನುತ್ತಲೇ ಮುಡಿಯುತ್ತಿದ್ದಳು.

ಆ ಮನೆತನಕ್ಕೆ ಒಂದೇ ಕಟ್ಟು: ಸಾವಿಗೆ ಊದಬಾರದು. ಸಾವು ಹಲಗಿಯ ಪಾಲು, ಮತ್ತು ಕೊಟ್ಟೂರಿನ ಹಲಗಿ ಅಂದರೆ ಕೇರಿಯ ಹುಲುಗಣ್ಣ. ಹಲಗಿಯ ಬಡಿತ ಒಂದಲ್ಲ. ದೇವರಿಗೊಂದು, ಡಂಗುರಕ್ಕೊಂದು, ಸಾವಿಗೊಂದು. ಸಾವಿನ ಬಡಿತ ಕಿವಿಗೆ ಬಿತ್ತೋ, ಹೆಣ ದಾಟಿ ಹೋಗುವ ತನಕ ಆ ಓಣಿಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಎಲೆಯಲ್ಲಿ ಕೈ ಇಟ್ಟವರೂ ಕೈ ತೊಳೆದು ಏಳುತ್ತಾರೆ. ಆ ಬಡಿತವನ್ನು ಹುಲುಗಣ್ಣನ ಹಾಗೆ ಬಡಿಯುವವರು ಸುತ್ತ ಹತ್ತೂರಲ್ಲಿ ಇರಲಿಲ್ಲ.

ತೊಂಬತ್ತೈದರ ಬೇಸಿಗೆ. ಮದುಮಗನ ಮೆರವಣಿಗೆ ಈ ಕಡೆಯಿಂದ, ಒಂದು ಹೆಣ ಆ ಕಡೆಯಿಂದ, ನಡುದಾರಿಯಲ್ಲಿ ಎದುರುಬದುರಾದವು. ಹಂಗಾದಾಗ ಮದುವೆಯ ಬಾಜಾ ನಿಲ್ಲಬೇಕು, ಅದು ರೂಢಿ. ಬ್ಯಾಂಡ್ ಮಾಸ್ತರ ಕೈ ಎತ್ತಿದ, ಎಲ್ಲರೂ ನಿಲ್ಲಿಸಿದರು. ಗಾಳೆಪ್ಪ ಎದೆತುಂಬ ಉಸಿರು ಎಳೆದುಕೊಂಡಿದ್ದ, ಬಿಟ್ಟೂ ಬಿಟ್ಟಿದ್ದ. ಒಂದು ಉದ್ದನೆಯ ಸ್ವರ ಒಂಟಿಯಾಗಿ ಹೊರಗುಳಿಯಿತು. ಅದರ ಕೆಳಗೆ ಬಂದು ಸೇರಿಕೊಂಡಿತು ನೋಡಿ ಹುಲುಗಣ್ಣನ ಹಲಗಿ, ನಿಧಾನ, ಭಾರ. ಗಾಳೆಪ್ಪನಿಗೆ ಮೈಯೆಲ್ಲ ಮುಳ್ಳೆದ್ದವು. ನಿಲ್ಲಿಸಬೇಕು ಅಂತ ಗೊತ್ತು, ನಿಲ್ಲಿಸಲು ಮನಸ್ಸಿಲ್ಲ. ಹೆಣದ ಮುಂದಿದ್ದ ಹುಲುಗಣ್ಣನೂ ತಲೆ ಎತ್ತಿ ಈತನನ್ನೇ ನೋಡಿದ. ನಾಲ್ಕೇ ನಾಲ್ಕು ಬಡಿತ. ಆಮೇಲೆ ಮಾಸ್ತರ ಗಾಳೆಪ್ಪನ ಪಾದದ ಮೇಲೆ ಬೂಟು ಇಟ್ಟು ಒತ್ತಿದ.

ಮೂರು ದಿನ ಗಾಳೆಪ್ಪನಿಗೆ ಊಟ ಸೇರಲಿಲ್ಲ. ನಾಲ್ಕನೇ ದಿನ ಹುಲುಗಣ್ಣನನ್ನು ಹುಡುಕಿಕೊಂಡು ಹೋದ.

"ಲೇ ಹುಲುಗ, ಅವತ್ತು ನಿನಗ ಏನನಿಸ್ತು?"

ಹುಲುಗಣ್ಣ ಬೀಡಿ ಆರಿಸಿ ಯೋಚನೆ ಮಾಡಿದ. "ಸತ್ತಾತ ಲಗ್ನಕ್ಕ ಹೊಂಟಂಗಾತಣ್ಣ."

ಇಷ್ಟು ಮಾತು ಸಾಕಾಯಿತು. ಆಗ ಕೊಟ್ಟೂರಿಗೆ ರೈಲು ಬರುವುದೇ ನಿಂತುಹೋಗಿತ್ತು; ಸ್ಟೇಷನ್ನಿನ ಗೂಡ್ಸ್ ಶೆಡ್ಡು ಬಿಕೋ ಅನ್ನುತ್ತಿತ್ತು. ಮದುವೆಯಿಲ್ಲದ, ಸಾವಿಲ್ಲದ ಮಧ್ಯಾಹ್ನಗಳಲ್ಲಿ ಇಬ್ಬರೂ ಅಲ್ಲಿ ಸೇರಿದರು. ಗಾಳೆಪ್ಪ ಒಂದು ಮದುವೆ ಹಾಡು ಹಿಡಿಯುವನು, ಅದನ್ನು ಚೂರು ಚೂರು ಮಾಡುವನು, ಒಂದು ಚೂರನ್ನು ಹತ್ತು ಸಲ ಊದುವನು, ಇನ್ನೊಂದನ್ನು ಬರೀ ಉಸಿರಲ್ಲಿ, ಸ್ವರವಿಲ್ಲದೆ. ಕೆಲವು ಸಲ ಊದುವುದನ್ನೂ ಬಿಟ್ಟು ಕ್ಲಾರ್ನೆಟ್ಟಿನ ಕೀಲಿಗಳನ್ನಷ್ಟೇ ಟಕಟಕ ಒತ್ತುವನು. ಹುಲುಗಣ್ಣ ತನ್ನ ಬಡಿತ ಬದಲಿಸುತ್ತಿರಲಿಲ್ಲ. ಯಾರು ಏನೇ ಮಾಡಿಕೊಳ್ಳಲಿ, ಹೆಣ ತನ್ನ ದಾರಿ ತಾನು ಹಿಡಿದು ಹೋಗುತ್ತದಲ್ಲ, ಹಾಗೆ. ಪಂಪಮ್ಮ ಒಂದು ದಿನ ಬುತ್ತಿ ತಂದವಳು ಹೊರಗೇ ನಿಂತು ಕೇಳಿ, "ಚೊಲೋ ಹಾಡನ್ನ ಒರಳಿಗೆ ಹಾಕಿ ಕುಟ್ಟಾಕತ್ತೀಯಲ್ಲ" ಅಂದಳು. ಅಂದರೂ ಬುತ್ತಿ ಇಬ್ಬರಿಗಾಗುವಷ್ಟು ತಂದಿದ್ದಳು.

ಕ್ಯಾಸೆಟ್ ಮಾಡುವ ಹುಚ್ಚು ಹತ್ತಿಸಿದವನು ಹಗರಿಬೊಮ್ಮನಹಳ್ಳಿಯ ಬೆನಕಪ್ಪ. ಮೈಕ್‌ಸೆಟ್ ಬಾಡಿಗೆಗೆ ಕೊಡುವುದು, ಕ್ಯಾಸೆಟ್ ತುಂಬಿಕೊಡುವುದು ಅವನ ಕಸುಬು. ಚುನಾವಣೆಗೆ ನಿಂತ ಒಬ್ಬ ಪಕ್ಷೇತರ ತನ್ನ ಭಾಷಣದ ನೂರು ಕ್ಯಾಸೆಟ್ ಮಾಡಿಸಿ, ದುಡ್ಡು ಕೊಡದೆ ನಾಪತ್ತೆಯಾಗಿದ್ದ. ಅಂಗಡಿ ತುಂಬ ಹೊಲಿಗೆ ಯಂತ್ರದ ಗುರುತಿನ ಕ್ಯಾಸೆಟ್ಟು. "ಇವನ್ನೇನು ಉಪ್ಪಿನಕಾಯಿ ಹಾಕಲಾ? ಬಾ, ಇದರ ಮ್ಯಾಲೇ ನಿಂದು ತುಂಬಿಕೊಡ್ತೀನಿ" ಅಂದ ಬೆನಕಪ್ಪ.

ಅಂಗಡಿ ಹಿಂದಿನ ಗೋದಾಮಿನ ಗೋಡೆಗೆ ಗೋಣಿಚೀಲ ತೂಗುಹಾಕಿ ರೆಕಾರ್ಡಿಂಗ್ ನಡೆಯಿತು. ಮೊದಲನೇ ಬದಿ ಗಾಳೆಪ್ಪ ಒಬ್ಬನೇ. ಎರಡನೇ ಬದಿಗೆ ಹುಲುಗಣ್ಣ ಬೆಂಕಿಗೆ ಹಲಗಿ ಕಾಸಿಕೊಂಡು ಬಂದು ಕೂತ. ಬಡಿಯುವ ಮುಂಚೆ ಅವನಿಗೆ ಅದೇನು ಅಳುಕು ಬಂತೋ, ನಕ್ಕಂತೆ ಮಾಡಿ ಹೇಳಿದ: "ಅಣ್ಣಾ, ಸಾವಿನ ಬಡಿತ ಡಬ್ಬಿಯಾಗ ತುಂಬಾಕತ್ತೀವಿ. ನಾಳೆ ಏನರ ಆತಂದ್ರ ನನ್ನೊಬ್ಬನ ಮ್ಯಾಲೆ ಹಾಕಬ್ಯಾಡಪ."

ಗಾಳೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಏ ಹುಚ್ಚಪ್ಪ, ಬಡಿ. ಏನಾದ್ರೂ ಇಬ್ಬರದೂ ಅಲ್ಲೇನು?"

ಬೆನಕಪ್ಪ ಅಷ್ಟೊತ್ತಿಗೇ ಗುಂಡಿ ಒತ್ತಿಬಿಟ್ಟಿದ್ದ. ಮಾತೂ ಸೇರಿಕೊಂಡಿತು. ಕತ್ತರಿಸಿದರೆ ಮೊದಲ ಬಡಿತ ಹೋಗುತ್ತದೆ ಅಂತ ಹಾಗೇ ಬಿಟ್ಟರು. ಬಡಿತ ಹನ್ನೆರಡು ನಿಮಿಷ. ಅದು ಮುಗಿದ ಮೇಲೆ ಅಳಿಸದೆ ಉಳಿದ ಪಕ್ಷೇತರನ ದನಿ, "ಹೊಲಿಗೆ ಯಂತ್ರದ ಗುರುತಿಗೆ ನಿಮ್ಮ ಅಮೂಲ್ಯವಾದ ಮತ" ಅಂತ ಇದ್ದಕ್ಕಿದ್ದಂತೆ ಬರುತ್ತಿತ್ತು.

ಹಳೇ ಚೀಟಿಯ ಮೇಲೆ ಹೊಸ ಚೀಟಿ ಅಂಟಿಸಿದರು. 'ಎದುರುಬದುರು. ಕ್ಲಾರ್ನೆಟ್: ಗಾಳೆಪ್ಪ, ಕೊಟ್ಟೂರು.' ಹುಲುಗಣ್ಣನಿಗೆ ಓದು ಬರುತ್ತಿರಲಿಲ್ಲ. ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, "ನನ್ನ ಹೆಸರು ಎಲ್ಲೈತಣ್ಣ?" ಅಂದ. ಗಾಳೆಪ್ಪ ಚೀಟಿಯ ಮೇಲೆ ಕಣ್ಣಾಡಿಸಿದ. ಆಮೇಲೆ 'ಕೊಟ್ಟೂರು' ಅನ್ನುವ ಅಕ್ಷರದ ಮೇಲೆ ಬೆರಳಿಟ್ಟು, "ಇಲ್ಲೈತಲ್ಲ" ಅಂದ. ಹುಲುಗಣ್ಣ ಅದನ್ನು ಹೆಂಡತಿ ಅಂಜಿನಕ್ಕನಿಗೆ ತೋರಿಸಿ ತರುತ್ತೇನೆ ಅಂತ ಒಯ್ದ. ಅಷ್ಟೊತ್ತಿಗೆ ಅಂಜಿನಕ್ಕ ಅಕ್ಷರ ಕಲಿಸುವ ಸಂಜೆ ಶಾಲೆಗೆ ಹೋಗಿ ಕೂಡಿಸಿ ಕೂಡಿಸಿ ಓದುತ್ತಿದ್ದಳು ಅನ್ನುವುದು ಗಾಳೆಪ್ಪನಿಗೆ ಗೊತ್ತಿರಲಿಲ್ಲ.

ಕ್ಯಾಸೆಟ್ ಯಾರೂ ಕೇಳಲಿಲ್ಲ. ಇಸಕೊಂಡವರೆಲ್ಲ ಎರಡು ನಿಮಿಷ ಕೇಳಿ, "ಟೇಪು ಸಿಕ್ಕೊಂಡೈತಿ ನೋಡಪ" ಅಂತ ತಿರುಗಿ ಕೊಟ್ಟರು. ಮುಂಬಯಿ ಕಡೆಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕಿನ ಒಬ್ಬ ಸಾಹೇಬ ಮಾತ್ರ ಮೊದಲನೇ ಬದಿಯನ್ನು ಪೂರ್ತಿ ಕೇಳಿದ. "ಅಮೆರಿಕಾದಾಗ ಹಿಂಗ ನುಡಿಸ್ತಾರ್ರಿ. ಜಾಝ್ ಅಂತಾರ ಅದಕ್ಕ" ಅಂದ. ಗಾಳೆಪ್ಪ ಕೇಳಿದ: "ಅಲ್ಲಿ ಲಗ್ನಕ್ಕ ನುಡಿಸ್ತಾರೋ, ಸಾವಿಗೋ?" ಸಾಹೇಬ ನಕ್ಕು, "ಎರಡಕ್ಕೂ" ಅಂದ. ಆವತ್ತು ಗಾಳೆಪ್ಪ ಮನೆಗೆ ನಡೆದುಕೊಂಡು ಬಂದದ್ದೇ ಬೇರೆ ನಡಿಗೆ. ಎಲ್ಲೋ ಒಂದು ಊರಿದೆ, ಅಲ್ಲಿ ತನ್ನಂಥವರು ಇದ್ದಾರೆ. ಅದೇ ಅವನನ್ನು ಕೆಡಿಸಿತು.

ಮುಂದಿನ ಬೇಸಿಗೆ ಹಂಪಸಾಗರದಲ್ಲಿ ದೊಡ್ಡ ಮದುವೆ. ಬ್ಯಾಂಡು ಗಾಳೆಪ್ಪನ ಸೆಟ್ಟು, ಮೈಕು ಬೆನಕಪ್ಪನದು. ಊಟದ ಹೊತ್ತಿಗೆ ಬ್ಯಾಂಡಿಗೆ ವಿರಾಮ. ಗಾಳೆಪ್ಪ ಬೆನಕಪ್ಪನ ಕಿವಿಯಲ್ಲಿ, "ನನ್ನ ಕ್ಯಾಸೆಟ್ ಹಚ್ಚು, ಮೊದಲನೇ ಬದಿ ಅಷ್ಟ" ಅಂದ. ಸಾವಿರ ಜನ ಕೂತು ಉಣ್ಣುವಾಗ ಒಬ್ಬನಾದರೂ ಕೈ ನಿಲ್ಲಿಸಿ, ಇದು ಯಾರದ್ರೀ ಅಂತ ಕೇಳಲಿ ಅನ್ನುವ ಆಸೆ. ಬೆನಕಪ್ಪ ಹಚ್ಚಿ, ತಾನೂ ಹೋಗಿ ಪಂಕ್ತಿಯಲ್ಲಿ ಕೂತ. ಅವನ ಟೇಪು ಹೊಸದು. ಒಂದು ಬದಿ ಮುಗಿದರೆ ಯಾರೂ ಮುಟ್ಟದೆ ತಾನೇ ಇನ್ನೊಂದು ಬದಿಗೆ ಹೊರಳುವಂಥದ್ದು. ಊಟದ ಹುರುಪಿನಲ್ಲಿದ್ದ ಬೆನಕಪ್ಪನಿಗೂ ಅದು ನೆನಪಾಗಲಿಲ್ಲ, ಈತನಿಗಂತೂ ಗೊತ್ತೇ ಇಲ್ಲ.

ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಟೇಪು ಎರಡನೇ ಬದಿಗೆ ಹೊರಳಿತು. ಗದ್ದಲದಲ್ಲಿ ಹುಲುಗಣ್ಣನ ಮಾತು ಯಾರಿಗೂ ಕೇಳಿಸಲಿಲ್ಲ. ಆದರೆ ಬಡಿತ ಕೇಳಿಸಿತು. ಹತ್ತು ಹಾರ್ನಿನಲ್ಲಿ, ಇಡೀ ಊರಿಗೆ, ಸಾವಿನ ಹಲಗಿ.

ಮೊದಲು ಮುದುಕರು ಎದ್ದರು. ಎಲೆಯಲ್ಲಿದ್ದ ಕೈ ಎಲೆಯಲ್ಲೇ ಝಾಡಿಸಿ, ಒಬ್ಬರ ಹಿಂದೆ ಒಬ್ಬರು, ಪಂಕ್ತಿಗೆ ಪಂಕ್ತಿಯೇ ಎದ್ದಿತು. "ಯಾರು ಹೋದ್ರು? ಯಾರ ಮನಿ?" ಮದುಮಗಳ ಅಜ್ಜಿ, ಮನೆಯಲ್ಲಿ ಹಾಸಿಗೆ ಹಿಡಿದಿದ್ದ ತಮ್ಮನನ್ನು ನೆನೆದು, "ಯಪ್ಪಾ, ಹೋದೇನೋ ನನ್ನಪ್ಪಾ!" ಅಂತ ಎದೆ ಬಡಿದುಕೊಂಡು ಚಪ್ಪರದಲ್ಲೇ ಕುಸಿದಳು. ಅವಳನ್ನು ನೋಡಿ ನಾಲ್ಕು ಹೆಂಗಸರು ದನಿ ತೆಗೆದರು. ಮದುಮಗಳು ತಲೆಬಾಗಿ ಕೂತಿದ್ದವಳು ಬಾಸಿಂಗ ಕಿತ್ತುಕೊಂಡು ಅಳತೊಡಗಿದಳು. ಯಾರೂ ಸತ್ತಿಲ್ಲ, ಟೇಪಿನೊಳಗಿಂದ ಬಂದದ್ದು ಅಂತ ತಿಳಿಯುವ ಹೊತ್ತಿಗೆ ಸಾವಿರ ಎಲೆಗೆ ಇರುವೆ ಮುತ್ತಿದ್ದವು.

ಆಮೇಲಿನದ್ದನ್ನು ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳಬೇಕು. ಗಂಡಸರು ಬೆನಕಪ್ಪನ ಆಂಪ್ಲಿಫೈಯರ್ ಎತ್ತಿ ಒಗೆದರು. ಗಾಳೆಪ್ಪನ ಕೋಟಿನ ಕೊರಳು ಹಿಡಿದರು. "ಯಾವನಲೇ ಇದು?" ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಗಾಳೆಪ್ಪ ಆ ದೊಣ್ಣೆ ತಪ್ಪಿಸಿಕೊಂಡ. "ನಾ ಊದಿದ್ದು ಅಷ್ಟರಿ. ಬಡಿದಾತ ಕೇರಿ ಹುಲುಗ. ಸಾವಿನ ಬಡಿತ ತಂದು ಸೇರಿಸ್ಯಾನಂತ ನನಗ ಗೊತ್ತೇ ಇರಲಿಲ್ರಿ, ನಿಮ್ಮಾಣಿ" ಅಂದ. ಎಂಥ ಮಾತು! ಬಾಯಿಂದ ಬಿದ್ದದ್ದೇ ತಡ, ಕೊರಳು ಹಿಡಿದ ಕೈ ಸಡಿಲಾಯಿತು.

ಎರಡು ಜೀಪು ಜನ ಕೊಟ್ಟೂರಿಗೆ ಬಂದರು. ಹುಲುಗಣ್ಣನನ್ನು ಮನೆಯಿಂದ ಕರೆಸಿ, ಹಲಗಿ ನೆಲಕ್ಕಿಡಿಸಿ, ಅದರ ಮುಂದೆಯೇ ಅವರಿಗೆ ಅಡ್ಡಬೀಳಿಸಿದರು. "ಸಾವಿಲ್ಲದ ಊರಾಗ ಸಾವು ಕರೀತಿಯೇನಲೇ?" ಹುಲುಗಣ್ಣ ಒಂದು ಸಲ ತಲೆ ಎತ್ತಿ ಗುಂಪಿನಲ್ಲಿ ಗಾಳೆಪ್ಪನನ್ನು ಹುಡುಕಿದ. ಗಾಳೆಪ್ಪ ಅಂಗಡಿಯೊಂದರ ಬಾಗಿಲ ಹಿಂದೆ ನಿಂತಿದ್ದ. ಹುಲುಗಣ್ಣ ಅವನ ಹೆಸರೆತ್ತಲಿಲ್ಲ. "ಹೌದ್ರಿ, ನಂದೇ ತಪ್ಪು" ಅಂದ.

ಅಂದಿನಿಂದ ಹುಲುಗಣ್ಣ ಹಲಗಿ ಮುಟ್ಟಲಿಲ್ಲ. ಮಾರ್ಕೆಟ್ಟಿನಲ್ಲಿ ಚೀಲ ಹೊರುವ ಹಮಾಲಿಗೆ ಹೋದ. ಉಳಿದ ಕ್ಯಾಸೆಟ್ಟುಗಳನ್ನು ಪಂಪಮ್ಮ ಹಾಳುಬಾವಿಗೆ ಸುರಿದು ಬಂದಳು. ಗಾಳೆಪ್ಪ ಬ್ಯಾಂಡಿನಲ್ಲಿ ಉಳಿದ, ಆದರೆ ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಬಿದ್ದ. ಹಾಡನ್ನು ಹಾಡಿನಂತೆಯೇ ಊದಿದ, ಒಂದು ಸ್ವರ ಆಚೀಚೆ ಇಲ್ಲ. ದಾರಿಯಲ್ಲಿ ಎದುರಾದಾಗಲೆಲ್ಲ ಬೆನ್ನ ಮೇಲೆ ಚೀಲ ಹೊತ್ತ ಹುಲುಗಣ್ಣ, "ಆರಾಮೇನಣ್ಣ?" ಅನ್ನುತ್ತಿದ್ದ. ಬೈದಿದ್ದರೆ ಗಾಳೆಪ್ಪನಿಗೆ ನಿದ್ದೆಯಾದರೂ ಬರುತ್ತಿತ್ತು. ಒಂದು ಸಲ ತಪ್ಪಾಯ್ತು ಅನ್ನಬೇಕು ಅಂತ ಹನ್ನೊಂದು ವರ್ಷ ಅಂದುಕೊಂಡ. ಹನ್ನೊಂದು ವರ್ಷವೂ, "ಆರಾಮಪ" ಅಂದ.

ಎರಡು ಸಾವಿರದ ಏಳರಲ್ಲಿ ಹುಲುಗಣ್ಣ ಸತ್ತ. ಎದೆನೋವು ಅಂತ ಕೂತವನು ಏಳಲಿಲ್ಲ. ಸುದ್ದಿ ಕೇಳಿ ಗಾಳೆಪ್ಪ ಚಪ್ಪಲಿ ಮೆಟ್ಟದೆ ಹೊರಟ. "ಮಂಗಳವಾದ್ಯದ ಮನಿಯಾತ ಹೆಣದ ಮನಿಗೆ ಹೊಂಟೀಯಲ್ಲ" ಅಂತ ತಡೆಯಲು ಬಂದ ಪಂಪಮ್ಮ, ಗಂಡನ ಮುಖ ನೋಡಿ ಬಾಗಿಲು ಬಿಟ್ಟು ಸರಿದಳು.

ಕೇರಿಯ ಹುಡುಗರು ಆಗಲೇ ತೀರ್ಮಾನ ಮಾಡಿದ್ದರು, ಇನ್ನು ಮೇಲೆ ಯಾರ ಸಾವಿಗೂ ಯಾರೂ ಹಲಗಿ ಹಿಡಿಯುವುದಿಲ್ಲ ಅಂತ. ನ್ಯಾಯದ ಮಾತು, ಎಷ್ಟು ತಲೆಮಾರು ಹಿಡಿದದ್ದು ಸಾಕು. ಅಂಜಿನಕ್ಕ ಹೆಣದ ತಲೆಯ ಹತ್ತಿರ ಕೂತಿದ್ದಳು. ಗಾಳೆಪ್ಪನನ್ನು ನೋಡಿದವಳೇ ಅಳು ನಿಲ್ಲಿಸಿದಳು.

"ಬಂದೇನು? ನನ್ನ ಗಂಡಗ ಊರಿನ ಹೆಸರು ತೋರಿಸಿ ಆತನ ಹೆಸರಂತ ಹೇಳಿದ್ಯಲ್ಲ, ಅವತ್ತ ಓದಿದೀನಿ ನಾನು. ಆತಗ ಹೇಳಲಿಲ್ಲ. ಖುಷಿಲೇ ಇರಲಿ ಅಂತ ಬಿಟ್ಟೆ."

ಗಾಳೆಪ್ಪ ಹೆಣದ ಕಾಲ ಹತ್ತಿರ ಕೂತ. ಅಂಜಿನಕ್ಕನೇ ಮುಂದುವರಿಸಿದಳು.

"ಊರ ಹೆಣಕ್ಕೆಲ್ಲ ಬಡದು ಕಳಿಸಿದಾತ. ಆತ ಸುಮ್ನ ಹೋಗಬೇಕಾ? ಹುಡುಗರ ಕೈಗೆ ಹಲಗಿ ಕೊಡಂಗಿಲ್ಲ ನಾ, ಅವರು ಹೇಳೋದು ಖರೆ ಐತಿ. ಆದ್ರ ಆತನ ಬಡಿತ ಆತಗ ಬೇಕು. ನಿನ್ನ ಡಬ್ಬಿಯಾಗ ಐತಲ್ಲ, ತಗೊಂಬಾ."

ಗಾಳೆಪ್ಪ ಸಿಕ್ಕ ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಗೆ ಹೋದ. ಬೆನಕಪ್ಪ ಈಗ ಮೊಬೈಲ್ ಕರೆನ್ಸಿ ಹಾಕುತ್ತಿದ್ದ. ತನ್ನಲ್ಲಿದ್ದ ಪ್ರತಿಗಳ ಮೇಲೆಲ್ಲ ದೇವರ ಹಾಡು ತುಂಬಿಬಿಟ್ಟಿದ್ದ. ಒಂದೇ ಒಂದು ಉಳಿದಿತ್ತು, ಹಂಪಸಾಗರದಲ್ಲಿ ಟೇಪಿನೊಳಗೇ ಸಿಕ್ಕಿಕೊಂಡಿದ್ದದ್ದು. "ನನ್ನ ಆಂಪ್ಲಿಫೈಯರ್ ಒಡೆಸಿದ್ದು, ಹೆಂಗ ಒಗೀಲಿ?" ಅಂತ ಕಬ್ಬಿಣದ ಪೆಟ್ಟಿಗೆಯಿಂದ ತೆಗೆದ. ಹಚ್ಚಿ ನೋಡಿದರು. ಹಲಗಿಗಿಂತ ಮೊದಲು ಹುಲುಗಣ್ಣನ ದನಿ ಬಂತು. ಗಾಳೆಪ್ಪ ಮರೆತಿರಲಿಲ್ಲ. ಹನ್ನೊಂದು ವರ್ಷ ಅವನ ನಿದ್ದೆ ಕೆಡಿಸಿದ್ದು ಅದೇ ದನಿ.

ಬೆನಕಪ್ಪ ಗುಂಡಿ ಒತ್ತಿ ನಿಲ್ಲಿಸಿದ. ಮೆತ್ತಗೆ ಹೇಳಿದ: "ಇದು ಬ್ಯಾಡಲ್ಲ? ಪೆನ್ಸಿಲ್ ಹಾಕಿ ನಾಕು ಸುತ್ತು ಮುಂದಕ್ಕ ತಿರುವಿದ್ರ ಸೀದಾ ಬಡಿತಕ್ಕ ಹೋಗತೈತಿ. ಯಾರಿಗೂ ಗೊತ್ತಾಗಂಗಿಲ್ಲ."

ಹಾರ್ನು, ಬ್ಯಾಟರಿ, ಟೇಪು ಹೇರಿಕೊಂಡು ಲಗೇಜ್ ಆಟೋ ಕೊಟ್ಟೂರಿನ ಕಡೆ ಹೊರಟಿತು. ಹಿಂದೆ ಕೂತ ಗಾಳೆಪ್ಪನ ಕೈಯಲ್ಲಿ ಕ್ಯಾಸೆಟ್ಟು, ಜೇಬಿನಲ್ಲಿ ಪೆನ್ಸಿಲ್ಲು. ಆಡಿದ ಮಾತು, ಒಡೆದ ಮುತ್ತು ತಿರುಗಿ ಬರುವುದಿಲ್ಲ ಅಂತಾರೆ. ಇಲ್ಲಿ ನೋಡಿದರೆ ಆಡಿದ ಮಾತು ಅಂಗೈಯಲ್ಲೇ ಕೂತಿದೆ. ಕೇರಿಯವರೆಲ್ಲ ಕೇಳುತ್ತಾರೆ. ಅಂಜಿನಕ್ಕ ಕೇಳುತ್ತಾಳೆ. ಆಮೇಲೆ ಈ ಊರಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ಪೆನ್ಸಿಲ್ ತೆಗೆದ. ನಾಲ್ಕು ಸುತ್ತು ತಿರುವಿದ. ಆಟೋ ಕೆರೆಯ ಹತ್ತಿರ ಬರುವ ತನಕ ಹಾಗೇ ಕೂತಿದ್ದ. ಆಮೇಲೆ ಕ್ಯಾಸೆಟ್ಟು ತಿರುಗಿಸಿ ಹಿಡಿದು, ಸಿಗುವಷ್ಟೂ ಸುತ್ತು ಹಿಂದಕ್ಕೆ ತಿರುವಿಬಿಟ್ಟ.

"ಮೊದಲಿನಿಂದ ಹಚ್ಚು" ಅಂದ ಬೆನಕಪ್ಪನಿಗೆ.

ಹೆಣ ಎತ್ತಿದರು. ಹಾರ್ನಿನೊಳಗಿಂದ ಸತ್ತವನು ಮಾತಾಡಿದ. ನನ್ನೊಬ್ಬನ ಮ್ಯಾಲೆ ಹಾಕಬ್ಯಾಡಪ. ಹಿಂದೆಯೇ ಆ ಹಳೆಯ ನಗು, ಏನಾದ್ರೂ ಇಬ್ಬರದೂ ಅಲ್ಲೇನು? ಒಂದೊಂದೇ ತಲೆ ಗಾಳೆಪ್ಪನ ಕಡೆ ತಿರುಗಿತು. ಯಾರೂ ಬೈಯಲಿಲ್ಲ. ಬಡಿತ ಶುರುವಾಯಿತು, ಹೆಣ ಅದರ ಹೆಜ್ಜೆಗೆ ಸರಿಯಾಗಿ ಹೊರಟಿತು. ಅಂಗಡಿ ಸಾಲಿನಲ್ಲಿ ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು.

ಹನ್ನೆರಡು ನಿಮಿಷಕ್ಕೆ ಪಕ್ಷೇತರ ಬಂದು ಮತ ಕೇಳಿದ. ಬೆನಕಪ್ಪ ಹಾರಿಬಿದ್ದು ನಿಲ್ಲಿಸಿದ. ಮಸಣ ಇನ್ನೂ ದೂರವಿತ್ತು. ಅವನು ಹಿಂದಕ್ಕೆ ಓಡಿಸಿ ಬಡಿತದ ಜಾಗ ಹುಡುಕುತ್ತಿದ್ದಾಗ ಅಂಜಿನಕ್ಕ ಆಟೋ ಹಿಡಿದು ನಿಂತಳು. "ಅಲ್ಲಿಂದ ಬ್ಯಾಡಣ್ಣ. ಆತ ಮಾತಾಡ್ತಾನಲ್ಲ, ಅಲ್ಲಿಂದ ಹಚ್ಚು."

ಎರಡನೇ ಸಲವೂ ಅದೇ ಮಾತು, ಅದೇ ನಗು. ಗಾಳೆಪ್ಪ ಹೆಣದ ಹಿಂದೆ ನಡೆದ. ಕಣ್ಣೀರು ಒರೆಸಿಕೊಳ್ಳಲೂ ಅವನಿಗೆ ನಾಚಿಕೆಯಾಯಿತು.

ಮಸಣದಲ್ಲಿ ತೋಡಿದ ಕುಣಿಯ ಹತ್ತಿರ ಹೆಣ ಇಳಿಸಿದಾಗ ಮೂರನೇ ಸಲ. "ನಾಳೆ ಏನರ ಆತಂದ್ರ ನನ್ನೊಬ್ಬನ ಮ್ಯಾಲೆ ಹಾಕಬ್ಯಾಡಪ" ಅಂತ ಹುಲುಗಣ್ಣ ಅಂದ. ಅಷ್ಟರಲ್ಲಿ ಕರ್ ಅಂತ ಟೇಪು ಸಿಕ್ಕಿಕೊಂಡಿತು. ನಗುವೂ ಇಲ್ಲ, ಉತ್ತರವೂ ಇಲ್ಲ. ಬೆನಕಪ್ಪ ಟೇಪಿನ ಬಾಗಿಲು ತೆಗೆದರೆ ಕಂದು ಪಟ್ಟಿ ಕರುಳಿನಂತೆ ಹೊರಗೆ ಬಂತು. ಎಲ್ಲರೂ ಕಾದು ನಿಂತಿದ್ದರು.

ಗಾಳೆಪ್ಪ ಕುಣಿಯ ಅಂಚಿಗೆ ಬಂದು ಮಂಡಿಯೂರಿದ.

"ಹಾಕಿದೆನಲ್ಲೋ ಹುಲುಗ" ಅಂದ. "ನಿನ್ನೊಬ್ಬನ ಮ್ಯಾಲೇ ಹಾಕಿದೆ."

ದನಿ ಅವನ ಬಾಯಿಂದ ಹೊರಗೆ ಬಂದದ್ದೇ ಕಷ್ಟ. ಅಂಜಿನಕ್ಕ ಅವನ ಪಕ್ಕಕ್ಕೆ ಬಂದು ನಿಂತಳು.

"ಚೀಲ ಹೊತ್ತು ಹೊತ್ತು ಆತಗ ಕಿವಿ ಮಂದಾಗಿತ್ತು" ಅಂದಳು. "ಜೋರಾಗಿ ಹೇಳು."

ಗಾಳೆಪ್ಪ ಎದೆತುಂಬ ಉಸಿರು ಎಳೆದುಕೊಂಡು, ಕೊಟ್ಟೂರಿಗೆಲ್ಲ ಕೇಳುವಂತೆ ಹೇಳಿದ.